ಒಂದು ನೂಲೂ ಪೋಲಾಗದ ಅಂಗಡಿ

ಬೀಯಮ್ಮ ಆ ಪ್ಯಾಕೆಟ್ಟನ್ನು ಎಸೆದು ಹೋಗಿದ್ದರೆ ಒಳ್ಳೆಯದಿತ್ತು. ಎಸೆದಿದ್ದರೆ ಅವಳಿಗೆ ಜಂಬ ಎಂದು ಹೇಳಿ ಮುಗಿಸಬಹುದಿತ್ತು, ಅನ್ಸಾಫನಿಗೆ ಇಡೀ ದಿನ ನೆಮ್ಮದಿಯಿಂದ ಸಿಟ್ಟು ಮಾಡಿಕೊಂಡು ಕೂರಬಹುದಿತ್ತು. ಅವಳು ಎಸೆಯಲಿಲ್ಲ. ಬುರ್ಖಾದ ಒಳಗಿಂದ ಎರಡೂ ಕೈಯಲ್ಲಿ ಹೊರತೆಗೆದು, ಮೇಜಿನ ಮೇಲಿದ್ದ ಬಿಲ್ ಪುಸ್ತಕವನ್ನು ಸ್ವಲ್ಪ ಬದಿಗೆ ಸರಿಸಿ, ಮಗುವನ್ನು ಮಲಗಿಸಿದ ಹಾಗೆ ಅಲ್ಲಿ ಮಲಗಿಸಿದಳು. 'ಇದು ನಮಗೆ ಬೇಡ ಮೋನೇ,' ಎಂದಳು. ಮಗನೇ ಎಂದು ಕರೆದೇ ಬೇಡ ಎಂದದ್ದು ಅವನನ್ನು ಹೆಚ್ಚು ಉರಿಸಿತು. ಬೆಳಿಗ್ಗೆ ಹತ್ತೂವರೆ ಗಂಟೆ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಬದಿಯ ಅವನ ರೆಡಿಮೇಡ್ ಅಂಗಡಿಯಲ್ಲಿ ಆಗ ಹಾಸ್ಟೆಲಿನ ಇಬ್ಬರು ಹುಡುಗಿಯರಿದ್ದರು, ಗಂಡನಿಗೆ ಅಂಗಿ ನೋಡುತ್ತಿದ್ದ ಬೆಳುವಾಯಿ ಕಡೆಯ ಒಬ್ಬ ಹೆಂಗಸಿದ್ದಳು. ಮೂವರೂ ಬಟ್ಟೆ ನೋಡುವುದನ್ನು ಬಿಟ್ಟು ಇತ್ತ ನೋಡಿದರು. ಎರಡು ಸಾವಿರದ ಆರನೆಯ ಇಸವಿಯ ರಮ್ಝಾನಿನ ಇಪ್ಪತ್ತೈದನೆಯ ದಿನ ಅದು. ಅವನ ಮನೆಯೂ ಇರುವ ಫರಂಗಿಪೇಟೆಯಿಂದ ಎರಡು ಬಸ್ಸು ಹತ್ತಿ ಇಳಿದು, ಉಪವಾಸದ ಬಾಯಲ್ಲಿ, ಅವನು ಕೊಟ್ಟ ದಾನವನ್ನು ವಾಪಸು ಕೊಡಲಿಕ್ಕೆ ಆ ಮುದುಕಿ ಅಂಗಡಿಗೇ ಬಂದಿದ್ದಳು. ಬಸ್ಸಿನ ದುಡ್ಡಾದರೂ ಉಳಿಯುತ್ತಿತ್ತಲ್ಲ ಎಂದು ಅವನಿಗೆ ಅನ್ನಿಸಿತು.

'ಸೈಜ್ ಆಗುವುದಿಲ್ಲವಾ? ಬದಲಿಸಿ ಕೊಡ್ತೇನೆ,' ಎಂದ, ಬೇಕೆಂದೇ ಜೋರಾಗಿ, ಮಾತು ಬರೀ ಸೈಜಿನದ್ದು ಎಂದು ಹುಡುಗಿಯರಿಗೆ ಕೇಳಲಿ ಎಂದು.

'ನಾನು ಬಿಚ್ಚಿಯೇ ನೋಡಲಿಲ್ಲ. ಹೋದ ವರ್ಷ ಕೊಟ್ಟದ್ದನ್ನು ನನ್ನ ಮೊಮ್ಮಗಳು ಮದ್ರಸಕ್ಕೆ ಹಾಕಿಕೊಂಡು ಹೋದಳು. ಕಿತಾಬು ತೆಗೀಲಿಕ್ಕೆ ಕೈ ಎತ್ತಿದ್ದು, ಕಂಕುಳಿಂದ ಸೊಂಟದವರೆಗೆ ಹರಿಯಿತು. ದಾನದ ಬಟ್ಟೆ ಅಂತ ಗೊತ್ತಾಗಿ ಮಕ್ಕಳು ಅವಳನ್ನು ಝಕಾತ್ ಅಂತಲೇ ಕರೀತಾರೆ. ಈಗಲೂ.'

'ಹೊಲಿದು ಕೊಡಬಹುದಿತ್ತಲ್ಲ ಬೀಯಮ್ಮ. ನಿಮಗೆ ಹೊಲಿಗೆ ನಾನು ಹೇಳಿಕೊಡಬೇಕಾ?'

'ಹೊಲೀಲಿಕ್ಕೆ ಕೂತೆ. ಒಳಗೆ ಮಾರ್ಜಿನೇ ಇಲ್ಲ ಮೋನೇ. ಹೊಲಿಗೆಯ ಆಚೆ ಬಟ್ಟೆ ಒಂದು ನೂಲಿನಷ್ಟೂ ಇಲ್ಲ. ಸೂಜಿ ಎಲ್ಲಿಗೆ ಹಾಕುವುದು?' ಎಂದಳು. ಆಮೇಲೆ ಸ್ವರ ಏರಿಸದೆ, ಅಕ್ಕಿಯ ಕ್ರಯ ಕೇಳಿದ ಹಾಗೆ ಕೇಳಿದಳು. 'ನಿಮ್ಮ ಅಂಗಡಿಯ ಕಸ ಹಾಕಲಿಕ್ಕೆ ಇಲ್ಲಿ ಬೇರೆ ಜಾಗ ಇಲ್ಲವಾ?'

ಅಷ್ಟು ಹೇಳಿ ಅವಳು ಮೆಟ್ಟಿಲು ಇಳಿದಳು. ಬೆಳುವಾಯಿಯ ಹೆಂಗಸು ಅವನ ಕಡೆ ಕನಿಕರದಿಂದ ನೋಡಿ, 'ದಾನ ಕೊಟ್ಟ ದನದ ಹಲ್ಲು ಎಣಿಸಿದ ಹಾಗಾಯಿತು,' ಎಂದಳು. ಅವನು ನಕ್ಕ. 'ಬೇಡ ಅನ್ನುವಷ್ಟು ದೊಡ್ಡವರಾಗಿದ್ದಾರೆ ಈಗ ಎಲ್ಲರೂ,' ಎಂದ. ಹುಡುಗಿಯರೂ ನಕ್ಕರು. ನಗು ಮುಗಿದ ಮೇಲೂ ಅವನ ಕಣ್ಣು ರಸ್ತೆಯ ಮೇಲೇ ಇತ್ತು. ಬೀಯಮ್ಮ ರಸ್ತೆ ದಾಟಿದಳು. ಎದುರಿಗೆ ಮೂರು ಮಾಳಿಗೆಯ ಹೊಸ ಶೋರೂಮು, ಗಾಜಿನ ಬಾಗಿಲು, ಒಳಗಿಂದ ತಣ್ಣಗಿನ ಗಾಳಿ. ಹೋದ ತಿಂಗಳಿಂದ ಅಲ್ಲಿ ಇಬ್ಬರು ಟೈಲರುಗಳನ್ನು ಕೂರಿಸಿ ಆಲ್ಟ್ರೇಶನ್ ಉಚಿತ ಎಂದು ಬೋರ್ಡು ಹಾಕಿದ್ದರು, ಅಂದಿನಿಂದ ಅವನ ಗಿರಾಕಿಗಳು ಅರ್ಧಕ್ಕರ್ಧ ಆ ಗಾಜಿನ ಒಳಗೆ ಹೋಗಿದ್ದರು. ಅವಳು ಆ ಬಾಗಿಲಿನ ಮುಂದೆ ನಿಂತಳು. ಅನ್ಸಾಫ ಮೇಜಿನ ಮೇಲೆ ಮುಂದಕ್ಕೆ ಬಾಗಿದ. ಚಪ್ಪಲಿಯ ಒಳಗೆ ಸಿಕ್ಕಿದ ಕಲ್ಲನ್ನು ಕೊಡವಿ ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ತಾನು ಹೆದರಿದ್ದೆ ಎಂಬುದು ಆಮೇಲೆ ಗೊತ್ತಾಗಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಯಾಕೆ ಹೆದರಬೇಕು? ಅವಳೇನು ಅವನ ಪಾಲುದಾರಳಾ? ಬಂಟ್ವಾಳ ಪೇಟೆಯಲ್ಲಿ ಅವನ ತಂದೆ ಮೂಸಬ್ಬರ ಜವಳಿ ಅಂಗಡಿಯ ಜಗಲಿಯಲ್ಲಿ ಮಿಶಿನ್ ತುಳಿಯುತ್ತಿದ್ದವಳು, ಅಷ್ಟೇ. ಅಂಗಡಿ ಮುಚ್ಚಿದ ಮೇಲೆ ಬೀಡಿ ಕಟ್ಟಿ ಬದುಕಿದವಳು. ಆದರೆ ಮೂರು ವರ್ಷದ ಹಿಂದೆ, ಅವನು ಜೆದ್ದಾದಿಂದ ಬಂದು ಈ ಅಂಗಡಿ ತೆರೆದ ಹೊಸತರಲ್ಲಿ, ಇದೇ ಮೆಟ್ಟಿಲು ಹತ್ತಿ ಬಂದವಳು ಅವಳೇ. ಕೇಳದೆಯೇ ಹ್ಯಾಂಗರಿನಿಂದ ಒಂದು ಚೂಡಿದಾರ ಇಳಿಸಿ, ಒಳಗು ಹೊರಗು ಮಾಡಿ, ಹೊಲಿಗೆಯನ್ನು ಎರಡು ಹೆಬ್ಬೆರಳಿನಿಂದ ಎಳೆದು ನೋಡಿದ್ದಳು. ಮೂಲೆಯಲ್ಲಿ ನನಗೊಂದು ಮಿಶಿನ್ ಇಟ್ಟುಕೊಡು ಮೋನೇ, ತೂಗುಹಾಕುವ ಮೊದಲು ಪ್ರತಿಯೊಂದಕ್ಕೂ ಕಂಕುಳಲ್ಲಿ, ಬದಿಯಲ್ಲಿ ಇನ್ನೊಂದು ಹೊಲಿಗೆ ಹಾಕಿ ಕೊಡ್ತೇನೆ. ಮಾರ್ಜಿನ್ ಬಿಟ್ಟು ಹೊಲಿಯುವವರಿಂದ ಮಾತ್ರ ಮಾಲು ತರಿಸು. ಹರಿದರೆ ಇಲ್ಲಿಯೇ ತನ್ನಿ ಅಂತ ಬೋರ್ಡು ಹಾಕು, ಜನ ಬೇರೆ ಎಲ್ಲಿಗೂ ಹೋಗುವುದಿಲ್ಲ. ಅವನು ಜೋರಾಗಿ ನಕ್ಕಿದ್ದ. 'ಬೀಯಮ್ಮ, ಫ್ಯಾಶನ್ ಎರಡು ತಿಂಗಳಿಗೆ ಹಳತಾಗ್ತದೆ. ಬಟ್ಟೆ ಎರಡು ವರ್ಷ ಬಾಳಿ ಯಾರಿಗೆ ಲಾಭ ಹೇಳಿ?' ಆ ಮಾತು ಹೇಳಿದಾಗ ತಾನು ಬಹಳ ಬುದ್ಧಿವಂತ ಎಂದು ಅನ್ನಿಸಿತ್ತು. ಅವಳು ಹೇಳಿದ್ದನ್ನು ಈಗ ಎದುರಿನವರು ಮಾಡಿ ತೋರಿಸಿದ್ದರು, ಅದೂ ಅವಳಿಗೆ ಒಂದು ಲೋಟ ಚಹಾವನ್ನೂ ಕೊಡದೆ.

'ಇದಕ್ಕೆ ಎಷ್ಟು ಅಂಕಲ್?' ಹಾಸ್ಟೆಲಿನ ಹುಡುಗಿಯೊಬ್ಬಳು ಮೇಜಿನ ಮೇಲಿದ್ದ ಪ್ಯಾಕೆಟ್ಟನ್ನು ಎತ್ತಿ ತಿರುಗಿಸಿ ನೋಡುತ್ತಿದ್ದಳು. ಗುಲಾಬಿ ಬಣ್ಣದ ಬಲೂನ್ ತೋಳಿನ ಚೂಡಿದಾರ. ಯಾವುದೋ ಧಾರಾವಾಹಿಯ ಸೊಸೆ ಹಾಕಿದ್ದಾಳೆ ಎಂದು ಜನವರಿಯಲ್ಲಿ ಇದಕ್ಕಾಗಿ ಹುಡುಗಿಯರು ಜಗಳವಾಡಿದ್ದರು. ಮಾರ್ಚಿಗೆ ಆ ಸೊಸೆ ಸೀರೆ ಉಡಲಿಕ್ಕೆ ಶುರುಮಾಡಿದಳು, ಇವನ ಹತ್ತಿರ ಐವತ್ತು ಬಲೂನು ತೋಳುಗಳು ಉಳಿದವು. 'ಅದು ಮಾರಲಿಕ್ಕೆ ಇಟ್ಟದ್ದಲ್ಲ,' ಎಂದ. 'ಮತ್ತೆ ಮೇಜಿನ ಮೇಲೆ ಯಾಕುಂಟು?' ಎಂದಳು ಹುಡುಗಿ. ಅವನು ಅದನ್ನು ಅವಳ ಕೈಯಿಂದ ಬಹುಮಟ್ಟಿಗೆ ಕಿತ್ತುಕೊಂಡ. ಹುಡುಗಿಯರು ಮುಖ ಮುಖ ನೋಡಿಕೊಂಡು ಹೊರಗೆ ಹೋದರು. ಎಲ್ಲಿಗೆ ಹೋದರು ಎಂದು ಅವನು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಉಳಿದ ಮಾಲನ್ನು ಏನು ಮಾಡುವುದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಮುಂಬೈಯ ಏಜೆಂಟ್ ಕೊಟ್ಟದ್ದನ್ನು ಎಂದೂ ವಾಪಸು ತೆಗೆದುಕೊಳ್ಳುವವನಲ್ಲ, ಹಳತನ್ನು ಕೇಳಿದರೆ ಹೊಸತನ್ನು ಕಳುಹಿಸುವವನು. ಮೊದಲ ವರ್ಷ ಅಂಗಡಿಯ ಹಿಂದೆ ಸುಟ್ಟ. ನೈಲಾನ್ ಹೊಗೆ ಪಕ್ಕದ ಹೋಟೆಲಿನ ಸಾಂಬಾರಿಗೆ ಇಳಿಯಿತು, ಹೋಟೆಲಿನ ಸಂಕಪ್ಪಣ್ಣ ಸೌಟು ಹಿಡಿದುಕೊಂಡೇ ಜಗಳಕ್ಕೆ ಬಂದರು. ಎರಡನೆಯ ವರ್ಷ ರಮ್ಝಾನಿನಲ್ಲಿ ಇದ್ದಕ್ಕಿದ್ದಂತೆ ಹೊಳೆಯಿತು. ವ್ಯಾಪಾರದ ಮಾಲಿಗೆ ವರ್ಷಕ್ಕೊಮ್ಮೆ ಬಡವರ ಪಾಲು, ಝಕಾತ್, ಕೊಡಲಿಕ್ಕೇ ಉಂಟು. ಮಾಲನ್ನೇ ಕೊಟ್ಟರೆ? ಒಂದೇ ಕಲ್ಲಿಗೆ ಎರಡು ಹಕ್ಕಿ. ಗೋದಾಮು ಖಾಲಿ, ಪುಣ್ಯ ಭರ್ತಿ. ಆ ರಾತ್ರಿ ಅವನು ಸಂತೋಷದಿಂದ ಮನೆಯವರಿಗೆಲ್ಲ ಬಿರಿಯಾನಿ ತರಿಸಿದ್ದ. ಈ ವರ್ಷವೂ ಐವತ್ತು ಪ್ಯಾಕೆಟ್ಟು. ಹತ್ತನ್ನು ನಿನ್ನೆಯೇ ಹತ್ತಿರದ ಮನೆಗಳಿಗೆ ಕಳುಹಿಸಿದ್ದ, ಉಳಿದ ನಲವತ್ತು ಹೊರಗೆ ಓಮ್ನಿಯ ಹಿಂಬದಿಯಲ್ಲಿದ್ದವು. ನಾಳೆ ಹೆಂಗಸರು ಮನೆಗೆ ಬರುತ್ತಾರೆ. ಸಾಲಿನಲ್ಲಿ ನಿಂತು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಒಬ್ಬೊಬ್ಬರೇ. ಕೆಟ್ಟದ್ದನ್ನು ಆರಿಸಿ ದಾನ ಕೊಡಬೇಡಿ, ನಿಮಗೇ ಕೊಟ್ಟರೆ ಕಣ್ಣು ಮುಚ್ಚಿಯಲ್ಲದೆ ತೆಗೆದುಕೊಳ್ಳದಂಥದ್ದನ್ನು ಕೊಡಬೇಡಿ ಎಂದು ಮದ್ರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಕಲಿಸಿದ್ದು ಅವನಿಗೆ ನೆನಪಿಲ್ಲದೆ ಇಲ್ಲ. ಆದರೆ ಇದು ಕೆಟ್ಟದ್ದಲ್ಲ. ಹೊಸ ಬಟ್ಟೆ, ಪ್ಯಾಕೆಟ್ಟಿನೊಳಗಿನದು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ರಮ್ಝಾನಿನ ಇಪ್ಪತ್ತೇಳನೆಯ ದಿನದ ಹಿಂದಿನ ದಿನ, ದಾನಕ್ಕೆಂದು, ತಂದೆಯ ಬಂಟ್ವಾಳದ ಅಂಗಡಿಗೆ ಹೆಂಗಸರು ಬರುತ್ತಿದ್ದದ್ದು ಹೀಗಲ್ಲ. ಅವನ ತಂದೆ, ಬಾಪ, ಅಟ್ಟದಿಂದ ಬಟ್ಟೆಯ ಥಾನುಗಳನ್ನು ತಾವೇ ಇಳಿಸುತ್ತಿದ್ದರು, ಬೆಳಿಗ್ಗೆ ಶೆಟ್ಟರ ಹೆಂಡತಿಗೆ ಬಿಚ್ಚಿ ತೋರಿಸಿದ ಅದೇ ಥಾನುಗಳನ್ನು. ಚಾಪೆಯ ಮೇಲೆ ಸಾಲಾಗಿ ಹರಡುತ್ತಿದ್ದರು. 'ಆರಿಸಿ,' ಎನ್ನುತ್ತಿದ್ದರು. ಹೇಳಿದವರು ಅಲ್ಲಿ ನಿಲ್ಲುತ್ತಿರಲಿಲ್ಲ. ಜಗಲಿಗೆ ಹೋಗಿ, ಅಂಗಡಿಗೆ ಬೆನ್ನು ಹಾಕಿ, ನದಿಯ ಕಡೆ ನೋಡುತ್ತಾ ಕೂರುತ್ತಿದ್ದರು. ಕೊಡುವವನ ಕಣ್ಣೆದುರು ಯಾರೂ ತಮಗೆ ಬೇಕಾದ್ದನ್ನು ಆರಿಸುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆರಿಸಿದ್ದನ್ನು ಬೀಯಮ್ಮ ಅಲ್ಲಿಯೇ ಅಳತೆ ತೆಗೆದು ಹೊಲಿಯುತ್ತಿದ್ದಳು. ಫ್ರಾಕಿನ ಅಂಚನ್ನು ಅಷ್ಟು ಅಗಲಕ್ಕೆ ಒಳಗೆ ಮಡಚುವುದನ್ನು ಕಂಡು, ಬಟ್ಟೆ ಸುಮ್ಮನೆ ಹಾಳಲ್ಲವಾ ಎಂದು ಏಳು ವರ್ಷದ ಅವನು ಕೇಳಿದ್ದ. 'ಬರುವ ವರ್ಷದ ಮಗು ಇದರೊಳಗೆ ಉಂಟು ಮೋನೇ,' ಎಂದಿದ್ದಳು. ಅವನು ಮಡಿಕೆಯನ್ನು ಎತ್ತಿ ಒಳಗೆ ಇಣುಕಿ ನೋಡಿದ್ದ. ಜಗಲಿಯಲ್ಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಎರಡೂವರೆಗೆ, ಅವನನ್ನು ಸನ್ಮಾನಕ್ಕೆ ಕರೆದಿದ್ದ ಕಾಲೇಜಿನ ಸಭಾಂಗಣದಲ್ಲಿ ಶಶಿಪ್ರಭಾ ಮೇಡಂ ಮೈಕಿನ ಮುಂದೆ ನಿಂತು ಅವನ ಬಗ್ಗೆ ಹೇಳುತ್ತಿದ್ದರು. ವಾಣಿಜ್ಯ ವಿಭಾಗದವರು, ಒಳ್ಳೆಯ ಹೆಂಗಸು, ಮಾತಿನಲ್ಲಿ ಒಂದಿಷ್ಟೂ ಕಪಟವಿಲ್ಲ, ಅದಕ್ಕೇ ಕೇಳಲಿಕ್ಕೆ ಕಷ್ಟ. ಪರಿಸರವನ್ನು ಉಳಿಸಿಯೂ ಸ್ಪರ್ಧೆಯಲ್ಲಿ ಉಳಿಯಬಹುದು ಎಂಬುದಕ್ಕೆ ನಮ್ಮ ಊರಿನಲ್ಲೇ ಉದಾಹರಣೆ ಉಂಟು ಎಂದರು. ಪ್ಲಾಸ್ಟಿಕ್ ಚೀಲ ಕೊಡದ ಅಂಗಡಿ ಎಂದರು. ಹಳೆ ಬಟ್ಟೆ ತಂದರೆ ಹೊಸತಕ್ಕೆ ರಿಯಾಯಿತಿ ಎಂದರು. ಉಳಿದದ್ದು ಬಡವರಿಗೆ. 'ಒಂದು ನೂಲೂ ಪೋಲಾಗದ ಅಂಗಡಿ,' ಎಂದು ಒಂದು ಕ್ಷಣ ನಿಲ್ಲಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಅವನ ಮುಂದೆ ನೀರಿನ ಬಾಟಲಿ ಇಟ್ಟಿದ್ದರು, ಆಮೇಲೆ ಯಾರೋ ಓಡಿಬಂದು ನಾಲಿಗೆ ಕಚ್ಚಿಕೊಂಡು ತೆಗೆದುಕೊಂಡು ಹೋದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, ಮಾರಾಟವಾಗದ ಬಟ್ಟೆಗೆ ನಿಖರವಾಗಿ ಏನಾಗ್ತದೆ ಸರ್ ಎಂದು ಕೇಳಿದ. 'ಬಡವರಿಗೆ ಕೊಡ್ತೇವೆ,' ಎಂದ. ಮತ್ತೆ ಚಪ್ಪಾಳೆ. ಅದು ನಿಲ್ಲುವ ಮೊದಲೇ ಕನ್ನಡಕದ ಒಬ್ಬ ಹುಡುಗಿ ಕೈ ಎತ್ತಿದಳು.

'ಅವರಿಗೆ ಅದು ಇಷ್ಟ ಆಗ್ತದಾ ಸರ್?'

ಹೇಳಿಬಿಡಬಹುದಿತ್ತು. ಇವತ್ತು ಬೆಳಿಗ್ಗೆ ಒಬ್ಬರು ವಾಪಸು ಕೊಟ್ಟು ಹೋದರು ಎಂದು ಒಂದೇ ವಾಕ್ಯ, ಅಷ್ಟೇ ಸಾಕಿತ್ತು. ಹುಡುಗಿ ಕಾಯುತ್ತಿದ್ದಳು. ಅವಳ ಮೇಲೂ ಅವನಿಗೆ ಸಿಟ್ಟು ಬಂತು, ಅವಳು ಹಾಕಿದ್ದ ಚೂಡಿದಾರ ಎದುರಿನ ಶೋರೂಮಿನದು ಎಂದು ದೂರದಿಂದಲೇ ಗುರುತು ಹಿಡಿದ. 'ಯಾಕೆ ಇಷ್ಟ ಆಗುವುದಿಲ್ಲ? ಹೊಸ ಬಟ್ಟೆ ಅಲ್ಲವಾ?' ಎಂದು ಕೈ ಅಗಲಿಸಿದ. ಸಭೆ ನಕ್ಕಿತು. ಹುಡುಗಿ ಕೂತಳು. ಬೆಳಿಗ್ಗೆ ಹಾಸ್ಟೆಲಿನ ಹುಡುಗಿಯರನ್ನು ನಗಿಸಿದ ಹಾಗೆಯೇ ಇನ್ನೂರು ಮಂದಿಯನ್ನು ನಗಿಸಿದ್ದೆ ಎಂದು ಗೊತ್ತಾದಾಗ ಮೇಡಂ ಅವನಿಗೆ ಶಾಲು ಹೊದೆಸುತ್ತಿದ್ದರು. ಅಭ್ಯಾಸಬಲದಿಂದ ಅವನ ಹೆಬ್ಬೆರಳು ಶಾಲಿನ ಅಂಚನ್ನು ಮುಟ್ಟಿತು, ಒಂದು ಎಳೆ ಸಲೀಸಾಗಿ ಕೈಗೆ ಬಂತು. ಯಾರೂ ಹೊದೆಯದ, ಸನ್ಮಾನಕ್ಕೆಂದೇ ನೇಯುವ ಇಂಥ ಶಾಲುಗಳು ಅವನ ಅಂಗಡಿಯಲ್ಲೂ ಎರಡು ಕಟ್ಟು ಇದ್ದವು. ಫೋಟೊ ತೆಗೆಯುವವನು ನಗಿ ಎಂದ, ಅವನು ನಕ್ಕ.

ಸಿದ್ದಕಟ್ಟೆ ದಾಟಿದ ಮೇಲೆ ಜನವಿಲ್ಲದ ಒಂದು ತಿರುವಿನಲ್ಲಿ ಓಮ್ನಿ ನಿಲ್ಲಿಸಿದ. ಯಾಕೆ ನಿಲ್ಲಿಸಿದೆ ಎಂದು ತನಗೇ ಹೇಳಿಕೊಳ್ಳಲಿಲ್ಲ. ಹಿಂಬದಿಯ ಬಾಗಿಲು ಎತ್ತಿ ನಲವತ್ತು ಪ್ಯಾಕೆಟ್ಟುಗಳ ಮುಂದೆ ನಿಂತ. ಮಾರಲಿಕ್ಕಾಗದು, ಸುಡಲಿಕ್ಕಾಗದು, ನಾಳೆ ಆ ಸಾಲಿನ ಮುಂದೆ ನಿಂತು ಕೊಡಲಿಕ್ಕೂ, ಬೆಳಿಗ್ಗೆಯವರೆಗೆ ಆಗುತ್ತಿತ್ತು, ಈಗ ಆಗದು. ಆ ಮುದುಕಿ ಎರಡು ಬಸ್ಸು ಹತ್ತಿ ಬಂದು ಅವನ ಕೈಗಳೆರಡನ್ನೂ ಕಟ್ಟಿಹಾಕಿ ಹೋಗಿದ್ದಳು. ರಸ್ತೆಯ ಬದಿಯಲ್ಲಿ ಇಳಿಜಾರು, ಕೆಳಗೆ ಸಣ್ಣ ಹಳ್ಳದಂಥ ತೋಡು. ಇಣುಕಿದರೆ ಅಲ್ಲಿ ಆಗಲೇ ಯಾರೋ ತಂದು ಸುರಿದಿದ್ದರು. ಮಳೆಗಾಲದ ನೀರಿಗೆ ಬಂದು ಬೇರಿಗೆ ಸಿಕ್ಕಿಕೊಂಡ ಪ್ಯಾಂಟುಗಳು, ಅಂಗಿಗಳು, ಬಣ್ಣ ಹೋದ ಒಂದು ಬೆಡ್‌ಶೀಟು. ಒಂದು ಅಂಗಿಯ ಕಾಲರಿಗೆ ಇನ್ನೂ ಪಿನ್ನು ಚುಚ್ಚಿದ ಹಳದಿ ಚೀಟಿ ಇತ್ತು. ಆ ಹಳದಿ ಚೀಟಿ ಅವನದೇ ಅಂಗಡಿಯದು. ರಿಯಾಯಿತಿಗೆಂದು ಜನ ತಂದುಕೊಟ್ಟ ಹಳೆ ಬಟ್ಟೆಗೆ ಗುರುತಿಗೆ ಚುಚ್ಚುವುದು. ಅವನ್ನೆಲ್ಲ ಗುಜರಿಯವನಿಗೆ ಕೊಟ್ಟು, ಏನು ಮಾಡುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲ. 'ಹಲ್ಕಾ,' ಎಂದು ಬೈದ. ಗುಜರಿಯವನಿಗೆ ಬೈದದ್ದೋ ತನಗೋ ತಿಳಿಯಲಿಲ್ಲ. ಇನ್ನೊಮ್ಮೆ ಬೈದ. ತೋಡಿನ ಆಚೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ತಲೆ ಎತ್ತಿ, 'ನೀವೂ ಹಾಕಲಿಕ್ಕೆ ಬಂದದ್ದಾ?' ಎಂದು ಕೂಗಿದಳು. ಅವನು ಬಾಗಿಲು ಬಡಿದು ಮುಚ್ಚಿದ.

ಫರಂಗಿಪೇಟೆಯ ಮನೆಗೆ ತಲುಪಿದಾಗ ಉಪವಾಸ ಬಿಡುವ ಸಂಜೆಯ ಬಾಂಗಿಗೆ ಇನ್ನು ಐದೇ ನಿಮಿಷ. ಶಾಲು, ಸ್ಮರಣಿಕೆ, ಬೀಯಮ್ಮನ ಪ್ಯಾಕೆಟ್ಟು ಮೂರನ್ನೂ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ. ಆ ಒಂದನ್ನು ಉಳಿದ ನಲವತ್ತರ ಜೊತೆ ಹಾಕಲಿಕ್ಕೆ ಮನಸ್ಸು ಬಂದಿರಲಿಲ್ಲ. ಹೆಂಡತಿ ಮಿಸ್ರಿಯಾ ಖರ್ಜೂರ, ನೀರು, ಗಂಜಿ ಇಟ್ಟು ಕಾಯುತ್ತಿದ್ದಳು. ಹನ್ನೆರಡು ವರ್ಷದ ಮಗಳು ಸಜ್ನಾ ಪ್ಯಾಕೆಟ್ಟನ್ನು ನೋಡಿದ್ದೇ, 'ನನಗೆ ಪೆರ್ನಾಳಿಗಾ!' ಎಂದು ಎಳೆದುಕೊಂಡಳು. ಅದು ಹಬ್ಬದ್ದಲ್ಲ ಎಂದು ಹೇಳಲಿಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬಾಂಗ್ ಆಯಿತು, ಬಾಯಿಗೆ ಖರ್ಜೂರ ಹೋಯಿತು. ಇಡೀ ದಿನದ ಬಾಯಾರಿಕೆಗೆ ನೀರು ಕುಡಿದದ್ದು ಕುಡಿದ ಹಾಗೇ ಆಗಲಿಲ್ಲ. ಸಜ್ನಾ ಕೋಣೆಯಿಂದ ಗುಲಾಬಿ ಬಲೂನು ತೋಳುಗಳೊಂದಿಗೆ ಹೊರಗೆ ಬಂದಳು. ಮುಖ ಆಗಲೇ ಅರ್ಧ ಸಪ್ಪೆಯಾಗಿತ್ತು. 'ಇದು ಈಗ ಯಾರೂ ಹಾಕುವುದಿಲ್ಲ ಉಪ್ಪ,' ಎಂದಳು. ಕನ್ನಡಿಯಲ್ಲಿ ಹಿಂಬದಿ ನೋಡಲಿಕ್ಕೆ ಕೂದಲನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿದಳು.

ಕಂಕುಳು ಹರಿದ ಅಷ್ಟು ಸಣ್ಣ ಸದ್ದಿಗೆ ಅವನು ಇಡೀ ದಿನ ಕಾದಿದ್ದ ಹಾಗೆ ತಟಕ್ಕನೆ ಎದ್ದು ನಿಂತ. ಸಜ್ನಾ ಕಂಕುಳು ಮುಚ್ಚಿಕೊಂಡು ಮೊದಲು ಪೆಚ್ಚಾದಳು, ಆಮೇಲೆ ನಕ್ಕಳು. ಅವಳಿಗೆ ನಗಬಹುದಿತ್ತು. ಇದು ಅವಳ ಮನೆ, ಮದ್ರಸವಲ್ಲ, ಕಪಾಟಿನಲ್ಲಿ ಇನ್ನೂ ಹತ್ತು ಇದ್ದವು. ಮಿಸ್ರಿಯಾ ಮಗಳನ್ನು ಹತ್ತಿರ ಎಳೆದು ಹರಿದಲ್ಲಿ ಬೆರಳು ತೂರಿಸಿ ನೋಡಿದಳು. 'ಒಳಗೆ ಬಟ್ಟೆಯೇ ಬಿಡಲಿಲ್ಲವಲ್ಲ. ಇಂಥದ್ದನ್ನು ಮಾರ್ತೀರಾ ನೀವು?' ಎಂದಳು. ಉತ್ತರಕ್ಕೆ ಕಾಯದೆ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಉಳಿದ ಪತ್ತಿರಿ ರೊಟ್ಟಿಯನ್ನು ಎತ್ತಿಡುವ ಸ್ವರದಲ್ಲಿ ಹೇಳಿದಳು. 'ಹಾಳು ಮಾಡುವುದು ಬೇಡ. ನಾಳೆ ಬೀಯಮ್ಮನಿಗೆ ಕೊಡುವ. ಅವಳಾದರೆ ಬೇಡ ಅನ್ನುವುದಿಲ್ಲ.'

'ಬೇಡ ಅಂದಳು,' ಎಂದ.

'ಯಾರು?'

'ಬೀಯಮ್ಮ. ಅಂಗಡಿಗೆ ಬಂದು ವಾಪಸು ಕೊಟ್ಟು ಹೋದಳು. ಇದನ್ನೇ.'

ಮಿಸ್ರಿಯಾ ಅವನನ್ನೂ ಮಗಳ ಮೈಮೇಲಿದ್ದ ಬಟ್ಟೆಯನ್ನೂ ನೋಡಿದಳು. 'ಬೇಡ ಅನ್ನುವಷ್ಟು ದೊಡ್ಡವಳಾದಳಾ ಅವಳು?' ಎಂದಳು. ಬೆಳಿಗ್ಗೆ ತಾನು ಅಂಗಡಿಯಲ್ಲಿ ಹೇಳಿದ್ದು ಹೆಚ್ಚು ಕಡಿಮೆ ಅಕ್ಷರಕ್ಕಕ್ಷರ ಅದೇ. ಆ ಮಾತು ಈಗ ತನ್ನದೇ ಅಡುಗೆಮನೆಯಲ್ಲಿ, ತನ್ನದೇ ಗಂಜಿಯ ಪಾತ್ರೆಯ ಮೇಲಿಂದ ತಿರುಗಿ ಬಂದಾಗ, ಇಡೀ ದಿನ ಒಬ್ಬರಿಂದ ಒಬ್ಬರ ಮೇಲೆ ಹಾರಿಸುತ್ತಾ ಬಂದ ಸಿಟ್ಟಿಗೆ ಕೂರಲಿಕ್ಕೆ ತನ್ನನ್ನು ಬಿಟ್ಟು ಬೇರೆ ಜಾಗ ಉಳಿಯಲಿಲ್ಲ. ಬೈಯಲಿಕ್ಕೆ ಬಾಯಿ ತೆರೆದ. ಯಾರಿಗೆ ಬೈಯುವುದು? ಬಾಪ ಜಗಲಿಯಲ್ಲಿ ಬೆನ್ನು ಹಾಕಿ ಕೂತದ್ದು ಕಣ್ಣಿಗೆ ಕಟ್ಟಿತು. ಅವನು ಗಂಜಿಯನ್ನು ಮುಟ್ಟದೆ ಹಾಗೇ ನಿಂತ.

ಸಜ್ನಾ ಕೋಣೆಗೆ ಹೋಗಿ ತನ್ನ ಹಳೆಯ ಬಟ್ಟೆ ಹಾಕಿಕೊಂಡು ಬಂದಳು. ಅಂಗಡಿಯವನ ಮಗಳು, ಕೈ ಚುರುಕು. ನೆಲದ ಮೇಲೆ ಕೂತು ಗುಲಾಬಿ ಚೂಡಿದಾರವನ್ನು ಹರಡಿ, ಮೊದಲಿನ ಗೆರೆಗಳ ಮೇಲೇ ಮಡಚಿದಳು. ಹರಿದ ಕಂಕುಳು ಒಳಗೆ ಬಂತು. ತೋಳುಗಳನ್ನು ಹಿಂದಕ್ಕೆ ತಂದಳು, ಪ್ಯಾಕೆಟ್ಟಿನೊಳಗೆ ಜಾರಿಸಿದಳು, ಬಾಯಿಯ ಅಂಟನ್ನು ಉಗುರಿನಿಂದ ಉಜ್ಜಿ ಕೂರಿಸಿದಳು. ಅಂಗೈಯಿಂದ ಒಮ್ಮೆ ಒರಸಿ, ಅವನ ಮುಂದೆ ಎರಡೂ ಕೈಯಲ್ಲಿ ಹಿಡಿದಳು.

'ನೋಡಿ ಉಪ್ಪ, ಹೊಸತರ ಹಾಗೇ ಉಂಟು. ಬೇರೆ ಯಾರಿಗಾದರೂ ಕೊಡುವ. ಗೊತ್ತಾಗ್ಲಿಕ್ಕಿಲ್ಲ.'

ಅವನು ಪ್ಯಾಕೆಟ್ಟನ್ನು ತೆಗೆದುಕೊಂಡ. ಹೊರಗೆ ಓಮ್ನಿಯಲ್ಲಿ ನಲವತ್ತು ಹಾಗೇ ಇದ್ದವು, ಒಂದಕ್ಕಿಂತ ಒಂದು ಚೆನ್ನಾಗಿ ಮಡಚಿದವು.

'ಗೊತ್ತಾಗ್ತದೆ ಸಜ್ನಾ,' ಎಂದ. 'ಅವರಿಗೆಲ್ಲ ಮೊದಲೇ ಗೊತ್ತುಂಟು.'